ಅತ್ತೆಯ ಭುಜದವರೆಗೆ

ಪ್ರತಿಯೊಬ್ಬ ಗಂಡಸಿಗೂ ಹೆಂಡತಿ ಸಹಿಸಿಕೊಂಡಿರುವ ಒಂದು ಚಟ ಇರುತ್ತದೆ. ನನ್ನದು ಕಲ್ಲಿನ ಫೋಟೋ ತೆಗೆಯುವುದು. ತಾಳವಾಡಿಯ ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿರುವ ನಾನು, ರಜೆ ಬಂತೆಂದರೆ ಮೊಬೈಲ್ ಹಿಡಿದು ವೀರಗಲ್ಲು, ಮಾಸ್ತಿಕಲ್ಲು, ಮೂಗು ಮುರಿದ ನಂದಿಗಳನ್ನು ಹುಡುಕಿಕೊಂಡು ಹೊರಡುತ್ತೇನೆ. ಬೇಲೂರಿಗೆ ಹೋದಾಗಲಂತೂ ಮೂರು ಗಂಟೆ ಶಿಲಾಬಾಲಿಕೆಯರ ಕತ್ತಿನ ಸರಗಳ ಫೋಟೋಗಳನ್ನೇ ತೆಗೆದೆ. ಹೊಸ ಸೀರೆ ಉಟ್ಟು ಬಂದಿದ್ದ ಹೆಂಡತಿ ಮಾದೇವಿ ಅವುಗಳ ಪೈಕಿ ಒಂದರಲ್ಲಿ ಬಿದ್ದಿದ್ದಾಳೆ, ಬೆನ್ನು ಮಾತ್ರ. ನೆರಳು ಅಡ್ಡ ಬರುತ್ತೆ, ಸ್ವಲ್ಪ ಆಚೆ ಹೋಗು ಎಂದು ನಾನೇ ಹೇಳಿದ್ದೆ. ವಾಪಸು ಬರುವಾಗ ಮೈಸೂರಿನವರೆಗೂ ಅವಳು ಮಾತಾಡಲಿಲ್ಲ. ಬಸ್ಸಿನ ಆಯಾಸ ಅಂದುಕೊಂಡೆ. ಮೈಸೂರು ದಾಟಿದ ಮೇಲೆ, “ನಾನೂ ಒಂದ್ ಕಲ್ಲಾಗಿದ್ರೆ ವಾಸಿಯಾಗಿತ್ತು” ಎಂದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನು ವರ್ಷಾ ವರ್ಷಾ ಮಕ್ಕಳಿಗೆ ವಿಸ್ತರಿಸಿ ಬರೆಸುತ್ತೇನೆ. ಆದರೂ ಆಗ ಹೊಳೆಯಲಿಲ್ಲ.

ಈ ವಿದ್ಯೆ ಬಲ್ಲವರೊಬ್ಬರು ಒಮ್ಮೆ ನನಗೆ ಬುದ್ಧಿ ಹೇಳಿದ್ದರು: ಶಿಲ್ಪದ ಪಕ್ಕ ಒಂದು ಅಳತೆಕೋಲು ನಿಲ್ಲಿಸಿ ಫೋಟೋ ತೆಗೆಯಬೇಕು, ಇಲ್ಲದಿದ್ದರೆ ಕಲ್ಲು ಆನೆಯಷ್ಟಿದೆಯೋ ಆಡಿನಷ್ಟಿದೆಯೋ ನೋಡಿದವರಿಗೆ ತಿಳಿಯುವುದಿಲ್ಲ. ಕೋಲು ಒಯ್ಯಲು ನನಗೆ ಸದಾ ಮರೆವು. ಅತ್ತೆ ಮಾತ್ರ ಮರೆಯದೆ ಜೊತೆಗೆ ಬರುತ್ತಿದ್ದರು. ಮಾದೇವಿಯ ತವರು ತಾಳಮಲೆ ಕಡೆ. ಅಲ್ಲಿ ಅತ್ತೆಯಿಲ್ಲದೆ ಯಾರ ಹೊಲಕ್ಕೆ ಕಾಲಿಟ್ಟರೂ ನನ್ನನ್ನು ನಿಧಿಗಳ್ಳ ಎಂದೇ ತಿಳಿಯುತ್ತಿದ್ದರು. ಒಬ್ಬ ಹೊಲದವನಂತೂ ಕುಡುಗೋಲು ಕೆಳಗಿಡದೆಯೇ ಕೇಳಿದ: “ಫೋಟ ತಗಂಡೋಗಿ ಯಾರ್ಗ್ ಕೊಟ್ಟೀರಿ? ನಾಳಿಕ್ಕೆ ಸರ್ಕಾರದೋರು ಬಂದು ಒಲಕ್ಕೆ ಬೇಲಿ ಆಕ್ಬುಟ್ರೆ ನನ್ ಪಟ್ಟಾ ಗತಿ ಏನು?” ಅತ್ತೆ ಮುಂದೆ ಬಂದರು. “ಸುಮ್ಕಿರ್ಲಾ, ಇವ್ರು ನಮ್ಮ ಅಳಿಯಂದ್ರು ಕಣ್ಲಾ. ಕಲ್ಲು ನೋಡಕ್ಕೆ ಬಂದವ್ರೆ. ಅದ್ಬುಟ್ರೆ ಇನ್ನೇನೂ ಗೊತ್ತಿಲ್ಲ ಇವ್ರಿಗೆ.” ಅದು ನನ್ನ ಪರವಾದ ಮಾತೆಂದೇ ನಾನು ಬಹಳ ದಿನ ನಂಬಿದ್ದೆ.

ಹೀಗೆ ಅತ್ತೆಯೇ ನನ್ನ ಅಳತೆಕೋಲಾದರು. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಮ್ಮಿಯಾಗುತ್ತದೆಂದು ಮಗಳ ಮದುವೆಯಲ್ಲೂ ಅಡುಗೆಮನೆ ಸೇರಿಕೊಂಡಿದ್ದ ಹೆಂಗಸು, ಕಲ್ಲಿನ ಪಕ್ಕ ಮಾತ್ರ ಧೈರ್ಯವಾಗಿ ನಿಲ್ಲುತ್ತಿದ್ದರು. “ಅದು ದೇವ್ರ ಫೋಟ, ನಂದಲ್ವಲ್ಲ ಬುಡಿ” ಎಂಬುದು ಅವರ ವಾದ. ವಾದದಲ್ಲಿ ತಪ್ಪಿರಲಿಲ್ಲ. ನಾನು ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ “ವೀರಗಲ್ಲು, ಎತ್ತರ ಅತ್ತೆಯ ಭುಜದವರೆಗೆ” ಎಂದು ಬರೆದುಕೊಂಡು, ಫೋಟೋದಿಂದ ಅತ್ತೆಯನ್ನು ಕತ್ತರಿಸಿಬಿಡುತ್ತಿದ್ದೆ. ಅಳತೆ ಸಿಕ್ಕ ಮೇಲೆ ಅಳತೆಕೋಲು ಯಾಕೆ?

ಕಳೆದ ವರ್ಷ ಅತ್ತೆ ತೀರಿಕೊಂಡರು. ಜ್ವರ ಅಂದರು, ಮೂರೇ ದಿನ. ವರ್ಷದ ಎಡೆ ಇಡುವ ದಿನ ಹತ್ತಿರ ಬಂದಾಗ ಮಾದೇವಿ ನನ್ನ ಮುಂದೆ ಬಂದು ನಿಂತಳು.

“ನೋಡಿ, ಎಡೆ ಇಕ್ಕಕ್ಕೆ ಅವ್ವಂದೊಂದು ಫೋಟ ಬೇಕು. ಆಧಾರ್ ಕಾರ್ಡಲ್ಲಿರೋದು ಅವ್ವನ ತರಾನೇ ಇಲ್ಲ, ಏನೋ ಕದ್ದು ಸಿಕ್ಕಾಕ್ಕಂಡಿರೋಳ್ ತರ ಅವ್ಳೆ. ನಿಮ್ಮತ್ರ ನಾಕ್ ಸಾವ್ರ ಫೋಟ ಅದೆಯಲ್ಲ, ಒಂದು ಕೊಡಿ.”

“ಅದಕ್ಕೇನು, ರಾಶಿ ಇದೆ” ಎಂದೆ.

ರಾಶಿಯೇನೋ ಇತ್ತು. ಒಂದರಲ್ಲಿ ಮೊಣಕೈ. ಒಂದರಲ್ಲಿ ಸೆರಗಿನ ತುದಿ. ಹಾಸನೂರಿನ ಆಚೆಗಿನ ಮಾಸ್ತಿಕಲ್ಲಿನ ಬುಡದಲ್ಲಿ ಬರಿಗಾಲಿನ ಹೆಬ್ಬೆರಳು. ಎಲ್ಲವನ್ನೂ ಜೋಡಿಸಿದರೆ ಹೆಚ್ಚುಕಮ್ಮಿ ಒಬ್ಬ ಅತ್ತೆ ಆಗುತ್ತಿದ್ದರು. ಮುಖ ಒಂದು ಇರಲಿಲ್ಲ. ಪಕ್ಕದಲ್ಲೇ ಕೂತು ನೋಡುತ್ತಿದ್ದ ಮಾದೇವಿ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅಭ್ಯಾಸವಿದೆ. ಅವಳು ಮೊಬೈಲಿನ ಮೇಲೆ ಬೆರಳಿಟ್ಟು, “ಇದು ನಮ್ಮವ್ವನ ಕೈ ಕಣ್ರೀ” ಎಂದು ಅಳತೊಡಗಿದಳು. ನನಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷ ನನ್ನ ತಟ್ಟೆಗೆ ಬಿಸಿ ಮುದ್ದೆ ಹಾಕಿದ ಕೈ ಅದು. ಚಿತ್ರದ ಅಂಚು ಕೆಡುತ್ತದೆಂದು ಅದನ್ನು ಮಣಿಕಟ್ಟಿಗೆ ಕತ್ತರಿಸಿದ್ದೆನಲ್ಲ, ನಾನೆಂಥ ಮನುಷ್ಯ ಅನ್ನಿಸಿತು.

ಕೊನೆಗೆ ಉಳಿದದ್ದು, “ಕೆಟ್ಟವು, ಅಳಿಸಬೇಕು” ಎಂದು ಹೆಸರಿಟ್ಟಿದ್ದ ಫೋಲ್ಡರ್. ಸೋಮಾರಿತನದಿಂದ ಅಳಿಸಿರಲಿಲ್ಲ; ನನ್ನ ಗುಣಗಳಲ್ಲಿ ಮನೆಗೆ ಉಪಕಾರವಾದದ್ದು ಅದೊಂದೇ. ಅದರಲ್ಲಿ ಅತ್ತೆ ಇದ್ದರು. ಇಡೀ ಅತ್ತೆ. ಮೊಬೈಲ್ ತನಗೆ ತಾನೇ ಅವರ ಮುಖವನ್ನು ಹಿಡಿದುಕೊಂಡು, ಪಕ್ಕದ ವೀರನನ್ನು ಮಬ್ಬು ಮಾಡಿಬಿಟ್ಟಿತ್ತು. ಬಿಸಿಲಿಗೆ ತಲೆ ಮೇಲೆ ಸೆರಗು, ಎಲೆಅಡಿಕೆಯ ಕೆಂಪು ಬಾಯಿ, ಅದರ ತುಂಬ ನಗು. ಆ ದಿನ ನನಗೆ ಚೆನ್ನಾಗಿ ನೆನಪಿದೆ. “ಆಯ್ತಾ ಅಳಿಯಂದ್ರೇ, ಓಗವಾ?” ಎಂದು ಅವರು ನನ್ನ ಕಡೆ ತಿರುಗಿದ್ದರು. “ಅಲ್ಲಾಡಬೇಡಿ ಅತ್ತೆ, ಕಲ್ಲು ಕೆಟ್ಟುಹೋಗುತ್ತೆ” ಎಂದು ನಾನು ರೇಗಿದ್ದೆ.

ಎಡೆಯ ದಿನ ಆ ಫೋಟೋಗೆ ಕಟ್ಟು ಹಾಕಿಸಿ, ಹಾರ ಹಾಕಿ ತವರಿನ ನಡುಮನೆಯಲ್ಲಿಟ್ಟರು. ಬಂದವರೆಲ್ಲ ಅದರ ಮುಂದೆ ನಿಂತು, “ಈಗ್ ತಾನೆ ಒಲದಿಂದ ಬಂದಂಗವ್ಳೆ” ಎಂದು ಕಣ್ಣೊರೆಸಿಕೊಂಡರು. ಮಾದೇವಿಯ ತಮ್ಮ ನನ್ನ ಎರಡೂ ಕೈ ಹಿಡಿದುಕೊಂಡ. “ಬಾವಾ, ನಿಮ್ಮ ಕಲ್ಲಿನ ಉಚ್ಚು ನೋಡಿ ನಾವೆಲ್ಲ ನಗಾಡ್ತಿದ್ದೋ. ಅವ್ವನ್ನ ಇಂಗೆ ನೋಡಿ ತಗೆದಿದ್ದೀರಲ್ಲ, ಅದ್ಕೆ ಕಣ್ಣು ಬೇಕು ಬುಡಿ.”

ಫೋಲ್ಡರಿನ ಹೆಸರು ಗೊತ್ತಿದ್ದವಳು ಮಾದೇವಿ ಒಬ್ಬಳೇ. ಅವಳು ಪಾಯಸದ ಪಾತ್ರೆ ಹಿಡಿದು ಅಲ್ಲೇ ನಿಂತು, ನಾನೇನು ಹೇಳುತ್ತೇನೋ ಎಂದು ನೋಡುತ್ತಿದ್ದಳು. ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಅದರಲ್ಲೂ ನಾನು ಮೇಷ್ಟ್ರು.

“ಬೆಳಕು ಚೆನ್ನಾಗಿತ್ತು” ಎಂದೆ.