ಅವ್ವನ ಶುಂಠಿಯೂ ಹಿತ್ತಲ ಬಾಳೆಗಿಡವೂ

ಶುಂಠಿ ಕುಡಿದವರೂ ಸಾಯುತ್ತಾರೆ. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಗೊತ್ತಿದೆ ಕೂಡ, ಗೊತ್ತಿಲ್ಲದವರಂತೆ ನಟಿಸುತ್ತೀರಿ, ಅಷ್ಟೆ. ನಮ್ಮ ಸಲಾತಿಗಾ ಊರಿನ ಪೇಟೆಯಲ್ಲಿ ಈಗ ಶುಂಠಿಪುಡಿಯನ್ನು ಬಂಗಾರದ ಬಣ್ಣದ ಪೊಟ್ಟಣದಲ್ಲಿ ಮಾರುತ್ತಾರೆ. ಪೊಟ್ಟಣದ ಮೇಲೆ ಎದೆ ಉಬ್ಬಿಸಿ ನಿಂತ ಗಂಡಸೊಬ್ಬನ ಚಿತ್ರ, ಅವನ ಕಾಲ ಕೆಳಗೆ ದಪ್ಪಕ್ಷರದಲ್ಲಿ ‘ರೋಗನಿರೋಧಕ ಶಕ್ತಿ’. ಒಳಗೆ ಮುಕ್ಕಾಲು ಪಾಲು ಸಕ್ಕರೆ, ಉಳಿದದ್ದು ಮಾರುವವನ ಧೈರ್ಯ. ಹಿತ್ತಲಲ್ಲಿ ಶುಂಠಿ ಬೆಳೆದು ಬಿದ್ದಿರುವ ಜನವೇ ಇದನ್ನು ಸಾಲುಗಟ್ಟಿ ಕೊಳ್ಳುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಈ ಉರಿಯಿಂದಲೇ ನನ್ನ ಮನೆಯಲ್ಲಿ ಒಂದು ದುರಂತ ನಡೆಯಿತು. ದುರಂತ ಎನ್ನುವುದು ನನ್ನ ಮಾತು. ನನ್ನ ಹೆಂಡತಿ ವುರ್ಯಾನಿ ಅದಕ್ಕೆ ಬೇರೆ ಮಾತು ಬಳಸುತ್ತಾಳೆ, ಅಚ್ಚು ಹಾಕುವಂಥದ್ದಲ್ಲ.

ನಾನು ಫ್ರಿಜ್ ರಿಪೇರಿಯವನು. ಊರಿನ ಅರ್ಧ ಜನರ ಮೀನು ಕೊಳೆಯದಂತೆ ಕಾಪಾಡಿದ ಪುಣ್ಯಾತ್ಮ. ಗಿರಾಕಿಯೊಬ್ಬ ರಿಪೇರಿಗೆಂದು ಬಿಟ್ಟುಹೋಗಿ, ಮತ್ತೆ ತಲೆ ಹಾಕದೇ ಇದ್ದ ಒಂದು ಉದ್ದನೆಯ ಫ್ರೀಜರ್ ಇತ್ತು. ಮಲಗಿಸಿದರೆ ಆಳು ಹಿಡಿಯುವಂಥದ್ದು. ಅದನ್ನು ಮನೆಗೆ ತಂದಿಟ್ಟಾಗ ನನ್ನ ಅವ್ವ ಸೊಂಟದ ಮೇಲೆ ಕೈಯಿಟ್ಟು ಅದನ್ನು ಸುತ್ತುಹಾಕಿ ನೋಡಿದಳು.

“ಇದರೊಳಗೆ ಇಟ್ಟದ್ದು ಕೆಡಲ್ವಾ?”

“ಕೆಡಲ್ಲ ಅವ್ವ.”

“ಶುಂಠಿ ಕಷಾಯ ಇಟ್ಟರೆ?”

“ಅದೂ ಕೆಡಲ್ಲ.”

“ಬೆಂಕೀನ ಮಂಜುಗಡ್ಡೇಲಿ ಇಡೋ ಕಾಲ ಬಂತಲ್ಲಪ್ಪಾ,” ಎಂದು ನಕ್ಕವಳು ಮರುದಿನವೇ ಕೆಂಪು ಶುಂಠಿಯ ಬುಟ್ಟಿ ಹೊತ್ತು ತಂದಳು. ಊರಿಗೆಲ್ಲ ಜ್ವರ ಬಂದಿದ್ದ ವರ್ಷ ಅದು. ಶುಂಠಿಯನ್ನು ಕೆಂಡದ ಮೇಲೆ ಸುಟ್ಟು, ಜಜ್ಜಿ, ನಿಂಬೆಹುಲ್ಲು, ಲವಂಗ, ತೆಂಗಿನ ಬೆಲ್ಲ ಹಾಕಿ ಕುದಿಸಿ, ಆರಿಸಿ, ಸಣ್ಣ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಗಂಟು ಹಾಕಿ, ಸಾಲಾಗಿ ಮಲಗಿಸುತ್ತಿದ್ದಳು. ಕೆಮ್ಮಿದವರ ಕೈಗೊಂದು ಚೀಲ. ಕೆಮ್ಮದವರ ಕೈಗೆ, ಮುಂದೆ ಕೆಮ್ಮೀರೆಂದು, ಎರಡು. ಸಂಜೆ ನಾನು ಅಂಗಡಿಯಿಂದ ಬಂದರೆ ಬಾಗಿಲಲ್ಲೇ ಒಂದನ್ನು ಹಿಡಿದು ನಿಂತಿರುತ್ತಿದ್ದಳು. “ಆಮೇಲೆ ಕುಡೀತೀನಿ ಅವ್ವ, ಫ್ರೀಜರಲ್ಲಿಡು,” ಎನ್ನುತ್ತಿದ್ದೆ. ನನಗೆ ಕೆಲಸ ಜಾಸ್ತಿ. ಹಾಗೆ ಇಟ್ಟದ್ದೇ ಇಟ್ಟದ್ದು, ಫ್ರೀಜರ್ ತುಂಬಿತು.

ಕಳೆದ ವರ್ಷ, ಎಂಬತ್ತು ದಾಟಿದ ಮೇಲೆ, ಅವ್ವ ಒಂದು ಮಧ್ಯಾಹ್ನ ನಿದ್ದೆಯಲ್ಲೇ ಹೊರಟುಹೋದಳು.

ಸತ್ತವರಿಗಾಗಿ ನಮ್ಮಲ್ಲಿ ನಡೆಸುವ ಪ್ರಾರ್ಥನೆಯ ಏಳು ಸಂಜೆ ಇಡೀ ಗಲ್ಲಿ ನಮ್ಮ ಚಾಪೆಯ ಮೇಲಿತ್ತು. ಆ ಏಳು ಸಂಜೆಯೂ ನಾನು ದುಃಖದಲ್ಲಿ ಕರ್ಣನಾಗಿಬಿಟ್ಟೆ. “ಅವ್ವನ ಕೈಯದು, ಕುಡೀರಿ, ತಗೊಂಡು ಹೋಗಿ,” ಎಂದು ಫ್ರೀಜರಿನ ಮುಚ್ಚಳ ತೆಗೆದು ಹಂಚಿದೆ. ಉಳಿದದ್ದೆಷ್ಟು ಎಂದು ಬಗ್ಗಿ ನೋಡಲಿಲ್ಲ.

ಆಮೇಲಿನ ಭಾನುವಾರದಿಂದ ನನಗೊಂದು ವ್ರತ ಶುರುವಾಯಿತು. ವುರ್ಯಾನಿ ಒಂದು ಚೀಲ ಕರಗಿಸಿ ಬಿಸಿ ಮಾಡಿ ಕೊಡುವುದು. ನಾನು ಕಣ್ಣು ಮುಚ್ಚಿ ಕುಡಿಯುವುದು. ಮೊದಲ ಗುಟುಕಿಗೇ ಮೆರ್ಬಾಬು ಬೆಟ್ಟದ ಮಂಜು ಇಳಿದು ಬರುತ್ತಿತ್ತು. ಶಾಲೆಗೆ ಹೊರಡುವ ಮುಂಜಾನೆ, ಅಂಗಿಯ ಚುಂಗಿನಲ್ಲಿ ಹಿಡಿದ ತಗಡಿನ ಲೋಟ, ಹಿತ್ತಲ ಮೆಟ್ಟಿಲ ಮೇಲೆ ಬಾಳೆಗಿಡದ ಪಕ್ಕ ಕೂತ ನಾನು. ಒಳಗೆ ಒಲೆ ಊದುತ್ತಾ ಅವ್ವ ಕೂಗುತ್ತಾಳೆ: “ಕುಡಿದ್ಯಾ?” “ಕುಡಿದೆ ಅವ್ವ!” ಕಣ್ಣು ಮಿಟುಕಿಸುವುದರೊಳಗೆ ಲೋಟ ಖಾಲಿ! ಅಂಥ ರುಚಿ! (ಆ ಬಾಳೆಗಿಡವೂ ಅಷ್ಟೆ, ಗಲ್ಲಿಯಲ್ಲೇ ಅಂಥ ಗೊನೆ ಯಾರ ಹಿತ್ತಲಲ್ಲೂ ಇರಲಿಲ್ಲ. ಈಗಿರುವುದು ಅದರ ಮರಿಯ ಮರಿಯ ಮರಿ.)

ಕಣ್ಣೊರೆಸಿಕೊಂಡು ನಾನು ಹೇಳುತ್ತಿದ್ದೆ: “ವುರ್, ಇದು ಶುಂಠಿ. ನೀನು ಮಾಡೋದು ಬಿಸಿನೀರು. ಕಲಿತುಕೋ.”

“ಆಗಲಿ ಪಾಕ್,” ಎನ್ನುತ್ತಿದ್ದಳು, ಗಂಡನನ್ನು ಕರೆಯುವ ಮರ್ಯಾದೆಯ ಮಾತು ಸೇರಿಸಿ. ನಮ್ಮ ಕಡೆಯ ಹೆಂಗಸರು ‘ಆಗಲಿ’ ಎಂದರೆ ಗಂಡಸರು ಗೆದ್ದೆವೆಂದು ತಿಳಿಯುತ್ತೇವೆ. ಯಾರು ಕಲಿಸಿದರೋ ಈ ತಿಳಿವಳಿಕೆ.

ವರ್ಷದ ದಿನ ಹತ್ತಿರ ಬಂತು. ಕೋಳಿ, ಅನ್ನ, ಅಕ್ಕಿಹಿಟ್ಟಿನ ಸಿಹಿ ಅಪೆಮ್ ಎಲ್ಲ ಮಾಡಿ ನೆರೆಯವರನ್ನು ಕರೆದು ಅವ್ವನ ಹೆಸರಿನಲ್ಲಿ ಊಟ ಹಾಕಬೇಕು. ಊಟದ ಜೊತೆ ಶುಂಠಿ ಕಷಾಯ ಇಲ್ಲದಿದ್ದರೆ ಅದು ಅವ್ವನ ದಿನವೇ ಅಲ್ಲ. ಅಂಗಳ ತುಂಬ ಜನ, ಅವ್ವನ ಹೆಸರು, ಕೈಯಲ್ಲಿ ಬಿಸಿನೀರು! ನನ್ನ ಮಾನದ ಪ್ರಶ್ನೆ. ನಾನೇ ಮಾಡುತ್ತೇನೆ ಎಂದು ಘೋಷಿಸಿದೆ.

“ನೀವಾ?” ಎಂದಳು ವುರ್ಯಾನಿ. “ಒಲೆ ಯಾವ ಕಡೆ ಹೊತ್ತಿಸ್ತಾರೆ ಗೊತ್ತಾ?”

“ಅವ್ವನ ಮಗ ನಾನು. ರಕ್ತದಲ್ಲಿದೆ.”

ರಕ್ತದಲ್ಲಿದ್ದದ್ದನ್ನು ಪಾತ್ರೆಗಿಳಿಸುವ ನನ್ನ ಶಾಸ್ತ್ರೋಕ್ತ ಮಹಾಕಾರ್ಯ ಶನಿವಾರ ಬೆಳಗ್ಗೆ ಆರಂಭವಾಯಿತು. ಸುಡುವುದು, ಜಜ್ಜುವುದು ಹಳೆಯ ಕಾಲದ ಪದ್ಧತಿ. ನಾನು ಮಿಕ್ಸರಿಗೆ ಹಾಕಿದೆ. ಸೋಸಲಿಲ್ಲ, ಸತ್ವ ಹೋಗುತ್ತದೆ. ಚೀಲಗಳನ್ನು ಬಾಯಿಮಟ್ಟ ತುಂಬಿ, ಗಾಳಿಗೂ ಜಾಗ ಬಿಡದೆ ಬಿಗಿದು, ಫ್ರೀಜರಿಗಿಟ್ಟು, ತಣ್ಣಗಾಗುವ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ.

ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ. ಇದು ಶಾಲೆಯ ಮಕ್ಕಳಿಗೆ ಗೊತ್ತು. ಜೀವಮಾನವಿಡೀ ಫ್ರಿಜ್ ರಿಪೇರಿ ಮಾಡಿದವನಿಗೂ ಗೊತ್ತು. ಬೇರೆಯವರ ಫ್ರಿಜ್ಜಿನ ವಿಷಯದಲ್ಲಿ.

ಭಾನುವಾರ ಮುಚ್ಚಳ ತೆಗೆದರೆ ಒಳಗೆ ಹಳದಿ ಹಿಮಾಲಯ. ಚೀಲಗಳು ಒಡೆದು, ಶುಂಠಿ ಹರಿದು, ಎಲ್ಲವೂ ಒಂದೇ ಬಂಡೆಯಾಗಿತ್ತು. ಬಂಡೆಯ ನಡುವಿನಿಂದ ವುರ್ಯಾನಿ ಊಟಕ್ಕೆಂದು ತಂದಿಟ್ಟಿದ್ದ ಹಾಲುಮೀನುಗಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದವು.

“ಮೀನುಗಳಿಗೆ ಇನ್ನು ನೆಗಡಿ ಬರಲ್ಲ ಬಿಡಿ,” ಎಂದಳು ವುರ್ಯಾನಿ. “ರೋಗನಿರೋಧಕ ಶಕ್ತಿ ಬಂತಲ್ಲ.”

ಸ್ಕ್ರೂಡ್ರೈವರಿನಿಂದ ಕುಟ್ಟಿ ಕುಟ್ಟಿ ಮೀನು ಬಿಡಿಸಿದೆ. ಆ ವಾರ ನಮ್ಮ ಮನೆಯ ಸಾರು, ಹುರಿದದ್ದು, ಬೇಯಿಸಿದ್ದು ಎಲ್ಲಕ್ಕೂ ಒಂದೇ ರುಚಿ. ಆದರೂ ಮೂಲೆಯಲ್ಲಿ ಒಡೆಯದೆ ಉಳಿದ ನಾಲ್ಕು ಚೀಲ ಸಿಕ್ಕವು. ಸೋಲೊಪ್ಪುವ ಮನುಷ್ಯ ನಾನಲ್ಲ. ಅದೇ ಸಮಯಕ್ಕೆ ಸರಿಯಾಗಿ ನನ್ನ ಅಕ್ಕ ವಾಗಿಯೆಮ್ ಅಡುಗೆಗೆ ಸಹಾಯಕ್ಕೆಂದು ಅಂಬಾರಾವಾದಿಂದ ಬಂದಿಳಿದಳು. ಮೀನು ಬಾಯಿಗಿಟ್ಟವಳು ತಟ್ಟೆ ದೂರ ತಳ್ಳಿದಳು.

“ಲೇ ದರ್ಮಾಜಿ, ಊಟಕ್ಕೆ ವುರ್ ಮಾಡಿದ ಕಷಾಯಾನೇ ಕೊಡೋ. ಸುಮ್ನೆ ಯಾಕೆ ಒದ್ದಾಡ್ತೀಯ?”

“ಅವ್ವನ ಹೆಸರಲ್ಲಿ ಬಿಸಿನೀರಾ? ಪರೀಕ್ಷೆ ಆಗಲಿ ಅಕ್ಕ! ಮೂರು ಲೋಟ. ಒಂದು ಅವ್ವಂದು, ಒಂದು ವುರ್ದು, ಒಂದು ನಂದು. ನಾನು ಕಣ್ಣು ಕಟ್ಕೊಂಡು ಹೇಳ್ತೀನಿ. ಅವ್ವನ ರುಚಿಗೆ ಯಾವುದು ಹತ್ತಿರವೋ ಅದೇ ಊಟಕ್ಕೆ.”

ವುರ್ಯಾನಿಯ ಮುಖ ಸಪ್ಪೆಯಾಯಿತು. “ಅವ್ವಂದು ಬೇಡ ಪಾಕ್. ಅದು ಒಂದೇ ಒಂದು ಉಳಿದಿರೋದು. ಊಟದ ದಿನ ಅವ್ವನ ಹೆಸರಲ್ಲಿ ಬಡಿಸೋ ತಟ್ಟೆ ಪಕ್ಕ ಇಡೋಣ ಅಂತ ಡಬ್ಬೀಲಿ ಎತ್ತಿಟ್ಟಿದ್ದೀನಿ.”

“ಪೂರ್ತಿ ಯಾರು ಕೇಳಿದರು? ಒಂದು ಲೋಟ ಸಾಕು. ಹೆದರಿಕೇನಾ?”

ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಭುಜ ಹಾರಿಸಿದಳು. “ಆಗಲಿ ಪಾಕ್,” ಎಂದಳು ವುರ್ಯಾನಿ.

ಹಿತ್ತಲ ಮೆಟ್ಟಿಲ ಮೇಲೆ ನ್ಯಾಯಸ್ಥಾನ ಸಿದ್ಧವಾಯಿತು. ಅಕ್ಕ ತನ್ನ ಸೆರಗುವಸ್ತ್ರದಿಂದ ನನ್ನ ಕಣ್ಣು ಕಟ್ಟಿದಳು, ಕಿವಿಯನ್ನೂ ಸೇರಿಸಿ. ವುರ್ಯಾನಿ ಬಿಸಿ ಮಾಡಿ ತಂದ ಲೋಟಗಳನ್ನು ಅಕ್ಕ ಒಂದೊಂದಾಗಿ ಕೈಗಿಟ್ಟಳು.

ಮೊದಲನೆಯದನ್ನು ತುಟಿಗಿಟ್ಟೆನೋ ಇಲ್ಲವೋ, ಮಂಜು ಇಳಿಯಿತು. “ಇದು… ಇದು ಅವ್ವ!” ಎಂದೆ. ಇಬ್ಬರೂ ಉಸಿರೆಳೆದುಕೊಂಡರು. ಭಕ್ತಿಯಿಂದ ಎಂದುಕೊಂಡೆ.

ಎರಡನೆಯದು ನಾರುನಾರು. ಗಂಟಲಿಗೆ ಸಿಕ್ಕಿಕೊಂಡಿತು. “ಹ್ಹಾ! ಇದು ವುರ್ದು. ಖಾರ ಇದೆ, ಹೃದಯ ಇಲ್ಲ. ಸಿಟ್ಟಲ್ಲಿ ಮಾಡಿದ್ದು ಅಂತ ನಾಲಿಗೆಗೇ ಗೊತ್ತಾಗುತ್ತೆ. ಇದನ್ನ ಕುಡಿದವನಿಗೆ ಇರೋ ಆರೋಗ್ಯವೂ ಹೋಗುತ್ತೆ.”

ಯಾರೋ ಮೂಗಿನಲ್ಲಿ ನಕ್ಕಂತಾಯಿತು.

ಇನ್ನುಳಿದದ್ದು ನನ್ನದೇ ಇರಬೇಕು. ಹೊಗಳುವ ಮಾತುಗಳನ್ನು ಮೊದಲೇ ಜೋಡಿಸಿಕೊಂಡು ಮೂರನೆಯದನ್ನು ಬಾಯಿಗೆ ಸುರಿದುಕೊಂಡೆ. ಅಯ್ಯಪ್ಪಾ! ಕರಕಲು ವಾಸನೆ. ಮೇಲೆ ಉಪ್ಪು! ಬೆಲ್ಲದ ಸುಳಿವಿಲ್ಲ. ನುಂಗಲಾಗದೆ ಉಗುಳಿದೆ. ಆದರೆ ನಾನು ನ್ಯಾಯವಂತ. ಊರಿನ ಪೊಟ್ಟಣದವರನ್ನು ಬೈಯುವವನು ನನ್ನ ತಪ್ಪನ್ನೂ ಮುಚ್ಚಬಾರದು. “ಒಪ್ಪಿಕೊಳ್ತೀನಿ,” ಎಂದೆ. “ಇದು ನಂದು, ಇದು ಕೆಟ್ಟಿದೆ. ಮನುಷ್ಯರು ಕುಡಿಯೋದಲ್ಲ.” ಹಾಗೆಂದವನೇ, ಕಣ್ಣು ಕಟ್ಟಿದ್ದ ಹಾಗೆಯೇ, ಎಡಕ್ಕೆ ಕೈ ಚಾಚಿ ಲೋಟವನ್ನು ಬಾಳೆಗಿಡದ ಬುಡಕ್ಕೆ ಸುರಿದೆ. ಒಂದು ಹನಿ ಆಚೆ ಈಚೆ ಬೀಳಲಿಲ್ಲ.

“ಪಾಕ್!” ವುರ್ಯಾನಿ ಚೀರಿದಳು.

ವಸ್ತ್ರ ಕಿತ್ತು ನೋಡಿದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಬಾಳೆಬುಡ ನೋಡುತ್ತಿದ್ದಳು. ನೆಲ ಆಗಲೇ ಹೀರಿಕೊಂಡಿತ್ತು. ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

“ಅವ್ವನ್ನ ಚೆಲ್ಲಿಬಿಟ್ಟೆಯಲ್ಲೋ, ಲೇ,” ಎಂದಳು.

“ಸುಳ್ಳು! ಅವ್ವಂದು ಮೊದಲನೇದು. ಲೋಟ ಅದಲುಬದಲು ಮಾಡಿದ್ದೀರಿ!”

ವುರ್ಯಾನಿ ಒಳಗೆ ಹೋಗಿ ಕತ್ತರಿಸಿದ ಪ್ಲಾಸ್ಟಿಕ್ ಚೀಲವೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟಳು. ಅದರ ಗಂಟು ಬಿಚ್ಚದೆ ಹಾಗೇ ಇತ್ತು. ಅವ್ವ ಎಡಚಿ. ಅವಳ ಗಂಟಿನ ಕಿವಿ ಯಾವಾಗಲೂ ಆಚೆಗೆ ತಿರುಗಿರುತ್ತಿತ್ತು. ನನ್ನ ಪಾಟಿಚೀಲದ ದಾರದ ಮೇಲೆ, ಬುತ್ತಿಯ ಬಾಳೆಲೆಯ ಮೇಲೆ ಎಷ್ಟು ಸಲ ಬಿಚ್ಚಿದ್ದೇನೆ ಆ ಗಂಟನ್ನು. ಇದೂ ಆಚೆಗೇ ತಿರುಗಿತ್ತು.

“ಹಾಗಾದ್ರೆ ಮೊದಲನೇದು?”

“ನಂದು,” ಎಂದಳು.

“ಭಾನುವಾರದ್ದು?”

ಅವಳು ಸೆರಗುವಸ್ತ್ರ ಮಡಿಸತೊಡಗಿದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. “ಏಳು ಸಂಜೆ ನೀವು ಎಲ್ಲಾ ಹಂಚಿಬಿಟ್ರಿ ಪಾಕ್. ನಿಮಗೇ ಅಂತ ಅವ್ವ ಮಾಡಿದ್ದ ಈ ಒಂದನ್ನ ನಾನು ಮೀನಿನ ಕೆಳಗೆ ಬಚ್ಚಿಟ್ಟೆ. ಆಮೇಲೆ ಭಾನುವಾರ ಬೆಳಗ್ಗೆ ಬಂದು ‘ಅವ್ವಂದು ಒಂದು ಕೊಡು’ ಅಂತ ಮಗು ಥರ ಮುಚ್ಚಳ ಹಿಡ್ಕೊಂಡು ನಿಂತ್ರಿ. ಇಲ್ಲ ಅಂತ ಹೇಗೆ ಹೇಳಲಿ? ಒಂದು ಚೀಲ ನಂದೇ ಮಾಡಿ ಕೊಟ್ಟೆ. ನೀವು ಅತ್ರಿ. ಮುಂದಿನ ಭಾನುವಾರಾನೂ ಮಾಡಿದೆ.”

ಒಂದು ವರ್ಷ. ಪ್ರತಿ ಭಾನುವಾರ ಅವಳ ಕೈಯದನ್ನೇ ಕುಡಿದು, ಅವಳದೇ ಮುಖಕ್ಕೆ ‘ಕಲಿತುಕೋ’ ಎಂದಿದ್ದೆ. ಬಂಗಾರದ ಪೊಟ್ಟಣದವನಾದರೂ ಕೊಳ್ಳುವವನ ಮುಖಕ್ಕೆ ನಗುತ್ತಾನೆ.

“ಆದ್ರೆ ಅವ್ವನ ರುಚಿ…” ನಾನು ಕೊನೆಯ ಹುಲ್ಲುಕಡ್ಡಿ ಹಿಡಿದೆ. “ಚಿಕ್ಕಂದಿನಲ್ಲಿ ಇಲ್ಲೇ ಕೂತು…”

“ಇಲ್ಲೇ ಕೂತು ಏನು ಮಾಡ್ತಿದ್ದೆ ಹೇಳು?” ಅಕ್ಕ ಈಗ ಖಂಡಿತವಾಗಿ ನಗುತ್ತಿದ್ದಳು. “ಅವ್ವ ಶುಂಠಿ ಕರಕಲಾಗೋವರೆಗೂ ಸುಡೋಳು. ಬೆಲ್ಲ ಬಂದವರಿಗೆ, ಮನೆಯವರಿಗೆ ಉಪ್ಪು. ನಾನು ಮೂಗು ಹಿಡ್ಕೊಂಡು ಕುಡೀತಿದ್ದೆ. ನೀನು? ‘ಕುಡಿದೆ ಅವ್ವ’ ಅಂತ ಕೂಗಿ ಬಾಳೆಬುಡಕ್ಕೆ ಸುರೀತಿದ್ದೆ. ಇವತ್ತು ಸುರಿದೆಯಲ್ಲ, ಥೇಟ್ ಹಾಗೇ. ಗಲ್ಲೀಲಿ ಯಾರ ಮನೇಲೂ ಇಲ್ಲದ ಗೊನೆ ನಮ್ಮನೇಲಿ ಯಾಕೆ ಬರ್ತಿತ್ತು ಅಂದ್ಕೊಂಡೆ? ಆ ಹಣ್ಣು ತಿಂದವರಿಗೆ ನೆಗಡೀನೇ ಬರ್ತಿರಲಿಲ್ಲ!”

ನಾನು ಕೈಯನ್ನು ನೋಡಿಕೊಂಡೆ. ತಲೆ ಮರೆತಿತ್ತು, ನಾಲಿಗೆ ಮರೆತಿತ್ತು. ಕಣ್ಣು ಕಟ್ಟಿದ ಕತ್ತಲೆಯಲ್ಲಿ ಅವ್ವನ ಶುಂಠಿಯನ್ನು ಗುರುತು ಹಿಡಿದದ್ದು ಈ ಎಡಗೈ ಒಂದೇ. ಅಷ್ಟರಮಟ್ಟಿಗೆ ನಾನು ಅವ್ವನ ಮಗ.

“ಅವ್ವನಿಗೆ ಗೊತ್ತಿತ್ತಾ?” ಎಂದೆ.

“ಅವಳು ಒಲೆ ಮುಂದೆ ಕೂತಿದ್ಲು, ಕುರುಡಿ ಆಗಿರಲಿಲ್ಲ. ಮರುದಿನಾನೂ ಲೋಟ ತುಂಬಿ ಕೊಡ್ತಿದ್ಲು, ಅಷ್ಟೆ.”

ಚೀಲದಲ್ಲಿದ್ದದ್ದರಲ್ಲಿ ಅರ್ಧ ಇನ್ನೂ ಉಳಿದಿತ್ತು. ವುರ್ಯಾನಿ ನನ್ನನ್ನು ಬಲ್ಲವಳು. ಒಂದು ಲೋಟದಷ್ಟು ಮಾತ್ರ ಕರಗಿಸಿ ಉಳಿದದ್ದನ್ನು ಬಟ್ಟಲಲ್ಲಿ ಫ್ರೀಜರಿಗಿಟ್ಟಿದ್ದಳು. ಅದನ್ನು ಅವ್ವನ ತಟ್ಟೆಯ ಪಕ್ಕ ಇಡೋಣ ಎಂದೆ. ಅವಳು ತಲೆಯಾಡಿಸಿದಳು.

“ಬೇಡ. ಅವ್ವನಿಗೆ ನಂದೇ ಇಡೋಣ. ನೀವು ಅಂಗಡಿಗೆ ಹೋದ ಮೇಲೆ ಅವ್ವ ಕೇಳಿ ಇಸ್ಕೊಂಡು ಕುಡೀತಿದ್ದದ್ದು ನಂದನ್ನೇ. ‘ನನ್ನದು ನನಗೇ ಇಳಿಯಲ್ಲ ಕಣೇ, ದರ್ಮಾಜಿಗೆ ಹೇಳಬೇಡ’ ಅಂತಿದ್ರು.”

“ಅವ್ವನ ಪಾಲು ಇವನಿಗೆ,” ಎಂದು ಅಕ್ಕ ತೀರ್ಪು ಕೊಟ್ಟಳು.

ವರ್ಷದ ದಿನ ಗಲ್ಲಿಯವರೆಲ್ಲ ವುರ್ಯಾನಿಯ ಕಷಾಯ ಎರಡೆರಡು ಸಲ ಹಾಕಿಸಿಕೊಂಡು, “ಅವ್ವನ ಕೈರುಚಿ ಹಾಗೇ ಇದೆ,” ಎಂದರು. ನಾನು ಎದ್ದು ನಿಂತು, ಎಲ್ಲರ ಎದುರಿಗೆ, “ಇದು ವುರ್ಯಾನಿಯ ಕೈ. ಒಂದು ವರ್ಷದಿಂದ ಇವಳ ಕೈಯೇ,” ಎಂದೆ. ಅವಳು ಅಪೆಮ್ ತಟ್ಟೆ ಎತ್ತಿಕೊಂಡು ಒಳಗೆ ಓಡಿಹೋದಳು. ಆಮೇಲೆ ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತು ನನ್ನ ಪಾಲನ್ನು ಎತ್ತಿದೆ. ಅಕ್ಕ ಬಾಳೆಗಿಡಕ್ಕೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಕಾವಲು ಕೂತಿದ್ದಳು. ಕರಕಲು, ಉಪ್ಪು, ಉರಿ. ಮೂಗಿನಲ್ಲೂ ಕಣ್ಣಿನಲ್ಲೂ ನೀರು. ಒಳಗೆ ಯಾರೂ “ಕುಡಿದ್ಯಾ?” ಎಂದು ಕೂಗಲಿಲ್ಲ. ನಾನೇ ಹೇಳಿದೆ, “ಕುಡಿದೆ ಅವ್ವ.” ಆ ಮಾತನ್ನು ನಿಜವಾಗಿ ಹೇಳಿದ್ದು ಅದೇ ಮೊದಲು.

ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಲೋಟ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ‘ಆಮೇಲೆ ಕುಡೀತೀನಿ, ಫ್ರಿಜ್ಜಲ್ಲಿಡು’ ಎಂದು ನೀವು ಈಗತಾನೆ ಹೇಳಿ ಇದನ್ನು ಓದಲು ಕೂತಿರುತ್ತೀರಿ. ಏಳಿ. ಪೇಪರ್ ಕೆಳಗಿಡಿ. ಹೋಗಿ ಅದನ್ನು ಅವರ ಎದುರಿಗೇ, ಈಗಲೇ, ಪೂರ್ತಿ ಕುಡಿಯಿರಿ. ಉಪ್ಪಾಗಿದ್ದರೆ ಉಪ್ಪಾಗಿದೆ ಎಂದು ಹೇಳಿ. ಆದರೆ ಬಾಳೆಗಿಡದ ಕಡೆ ಮಾತ್ರ ನೋಡಬೇಡಿ.