ಜಿನಗೊಂಡ ಪೈಲವಾನರ ರೊಟ್ಟಿ ಬಿಡುಗಡೆ ಮಾಡ್ರಿ

ಇಚಲಕರಂಜಿ,
ತಾ. ೧೮ ಫೆಬ್ರವರಿ ೧೯೩೯

ಕೊಲ್ಲಾಪುರದ ಆರೋಗ್ಯವನ್ನ ಒಬ್ಬರೇ ಹೆಗಲ ಮ್ಯಾಲ ಹೊತ್ತವರೂ, 'ಪಿಷ್ಟ ಬಿಡ್ರಿ, ಬಲ ಪಡೀರಿ' ಎಂಬ ಪುಸ್ತಿಕೆಯ ಕರ್ತರೂ, ತೂಕವಾರು ಕುಸ್ತಿ ಕಮಿಟಿಯ ಆಹಾರ ಸಲಹಾಗಾರರೂ ಆದ ಡಾಕ್ಟರ್ ಕಾಕಾಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಬೂಟಿಗೆ, ಬೂಟಿನ ಮ್ಯಾಲಿನ ಪಾಟಲೋನಿಗೆ, ಕೋಟಿಗೆ, ಕೊಳ್ಳಾಗಿನ ನಳಿಗೆ, ಮತ್ತ ನನ್ನ ಮೂರೂ ಪತ್ರಾ ಒಡೀದನ ತಿರುಗಿ ಕಳಿಸಿದ ತಮ್ಮ ಕಂಪೌಂಡರಿಗೆ, ಹಿಂಗ ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ನಮಸ್ಕಾರ ಸಲ್ಲಿಸಿ, ಈ ನಾಲ್ಕನೇ ಪತ್ರಾ ಪೇಪರಿನ್ಯಾಗ ಛಾಪಿಸಾಕತ್ತೇನಿ. ಪೇಪರಾದ್ರ ತಾವು ಓದೇ ಓದ್ತೀರಿ, ಯಾಕಂದ್ರ ವಾರಕ್ಕೊಮ್ಮೆ ಅದರಾಗ ತಮ್ಮ ಫೋಟೋ ಬರತೈತಿ.

ವಿಷಯ ನಮ್ಮೂರ ಜಿನಗೊಂಡ ಪೈಲವಾನರದು. ತಾವು ದೊಡ್ಡವರು, ಮರತಿರಬಹುದು. ತಮ್ಮ ಪುಸ್ತಿಕೆಯ ಎರಡನೇ ಆವೃತ್ತಿಯ ಒಂಬತ್ತನೇ ಪುಟ ತಗೀರಿ, ಅಲ್ಲಿ 'ಪಿಷ್ಟಮುಕ್ತ ಪೈಲವಾನ' ಅಂತ ಬರದು ಅವರದೇ ಫೋಟೋ ಹಾಕೀರಿ, ಗುರತು ಸಿಗತೈತಿ. ಅವರ ಇಪ್ಪತ್ತಮೂರು ಕುಸ್ತಿ ನಾ ಕಣ್ಣಾರೆ ನೋಡೇನಿ, ಯಾವದನ್ನ ಯಾವ ಪಟ್ಟಿನ ಮ್ಯಾಲ ಹೊಡದ್ರು ಅಂತ ಬಾಯಿಪಾಠ ಹೇಳಬಲ್ಲೆ, ಆದ್ರ ತಮ್ಮ ವ್ಯಾಳ್ಯಾ ಕಿಮ್ಮತ್ತಿಂದು ಅಂತ ಕೇಳೇನಿ, ಅದಕ್ಕ ಇಪ್ಪತ್ತನಾಲ್ಕನೇದ್ದು ಒಂದ ಹೇಳ್ತೇನಿ.

ಮುಂಬೈಗೆ ಕಳಿಸೋ ಪೈಲವಾನರನ್ನ ಈ ಸಲ ತೂಕದ ಪ್ರಕಾರ ಆರಸ್ತೇವಿ ಅಂತ ಕಮಿಟಿಯವರು ಡಂಗುರಾ ಹೊಡಿಸಿದ್ರು. ಜಿನಗೊಂಡರು ನೂರಾ ಅರವತ್ತು ರತ್ತಲದ, ಅಂದ್ರ ತಮ್ಮ ಇಂಗ್ಲಿಷ್ ಪೌಂಡಿನ, ಒಳಗ ಇರಬೇಕಾಗಿತ್ತು, ತೂಗಿದ್ರ ನೂರಾ ಅರವತ್ತೆಂಟು ಬಂತು. ಎಂಟು ರತ್ತಲ ಎಲ್ಲಿಂದ ಬಂತು ಅನ್ನೂದು ಇಡೀ ಓಣಿಗೆ ಗೊತ್ತಿತ್ತು. ಅವರ ತಂಗಿ ಛಾಯಾನ ಲಗ್ನ ಆಗಿತ್ತು, ಐದು ದಿನ ಬುಂದಿ ಲಾಡು, ಆಮ್ಯಾಲೆ ಬೀಗರ ಮನ್ಯಾಗ ಮತ್ತ ಐದು ದಿನ ಹೋಳಿಗಿ. ಆದ್ರ ತಾವು "ದಿನಾ ಏನ ತಿಂತೀ?" ಅಂತ ಕೇಳಿದ್ರಿ, ಅವರು ಖರೇ ಹೇಳಿದ್ರು, "ರೊಟ್ಟಿ ರೀ." ಲಗ್ನದ ಊಟಾ ನಮ್ಮ ಕಡೆ ಯಾರೂ ಊಟದ ಲೆಕ್ಕಕ್ಕ ಹಿಡಿಯೂದಿಲ್ಲ; ಅದು ಮಾನಾ ಕಾಯೂ ಕೆಲಸಾ. ತಾವೂ ಇದೇ ನೆಲದಾಗ ಹುಟ್ಟಿದವರು, ಒಂದ ಮಾತು ಹೆಚ್ಚಿಗಿ ಕೇಳಿದ್ರ ನಾಲಿಗಿ ಸವೀತಿದ್ದಿಲ್ಲ. ಆದ್ರ ತಾವು ಕೆಂಪ ಪೆನ್ಸಿಲ್ ತೊಗೊಂಡು ಜೋಳ, ಅಕ್ಕಿ, ಗೋಧಿ, ಬ್ಯಾಳಿ, ಬೆಲ್ಲ, ಸಕ್ರಿ, ಬಾಳಿಹಣ್ಣು ಎಲ್ಲಾದರ ಮ್ಯಾಲ ಒಂದ ಗೀಟು ಎಳದ್ರಿ. ಇಷ್ಟು ಸಪಾಟಾದ ಗೀಟು ನಮ್ಮ ಊರ ಸರ್ವೇದವರಿಗೂ ಬರೂದಿಲ್ಲ, ಅದಕ್ಕ ಕೈ ಮುಗೀತೇನಿ.

ತಮ್ಮ ಪುಸ್ತಿಕಿ ನಮ್ಮ ತಾಲೀಮಿನ ಕಟ್ಟಿ ಮ್ಯಾಲ ಎಂಟು ದಿನ ಓದಿದ್ವಿ, ಎಂಟೂ ದಿನ ಜಗಳಾ ಆತು. ಪಾವರ್‌ಲೂಮಿನ್ಯಾಗ ಹನ್ನೆರಡು ತಾಸು ನಿಂತು ದುಡಿಯೂ ಗುರಣ್ಣ ಮುಂಜಾನೆ ಮೂರು, ಮಧ್ಯಾಹ್ನ ನಾಲ್ಕು ರೊಟ್ಟಿ ತಿಂತಾನ, ಮಗ್ಗದ ಬಾಜೂಕ ನಿಂತ್ರ ನೂಲ ಯಾವದು ಗುರಣ್ಣ ಯಾವವ ಅಂತ ಮಾಲಕರಿಗೂ ತಿಳಿಯೂದಿಲ್ಲ. ಅಂವ ಕೇಳಿ, ನನ್ನ ಕಡೆ ತಿರುಗಿ, "ರೊಟ್ಟಿಯಿಂದ ಬೊಜ್ಜು ಬರೂದಾದ್ರ ನನ್ನ ಪಾಲಿನ ಬೊಜ್ಜು ಯಾರ ಒಯ್ದಾರೋ ಮಹಾವೀರಣ್ಣಾ, ಆ ಡಾಕ್ಟರಿಗೆ ಕೇಳಿ ಇಸಗೊಂಡ ಬಾ" ಅಂದ. ಪಾರೀಸ ಕಾಕಾ ಒಬ್ಬರೇ ತಮ್ಮ ಪಕ್ಷ ಹಿಡದು, "ಅಂವ ಇಂಗ್ಲಿಷಿನ್ಯಾಗ ಕಲತಾನ, ನೀವ ಯಾತರಾಗ ಕಲತೀರಿ?" ಅಂತ ಬೈದ್ರು. ಅದಕ್ಕ ಗುರಣ್ಣ, "ಹಸಿವಿ ಯಾವ ಭಾಷಾದಾಗ ಆಗತೈತಿ ಕಾಕಾ?" ಅಂದ. ಕಾಕಾ ಆವತ್ತ ಎದ್ದ ಹೋದವರು ಎರಡು ದಿನ ಕಟ್ಟಿಗೆ ಬರಲಿಲ್ಲ.

ನಾ ತಜ್ಞ ಅಲ್ರಿ, ಮುಲ್ಕಿ ಪರೀಕ್ಷಾದಾಗ ಎರಡ ಸಲ ಕೂತವ. ಆದ್ರ ನನ್ನ ಸಣ್ಣ ತಲಿಗೂ ಇಷ್ಟು ಹೊಳೀತೈತಿ, ಬುಂದಿ ಲಾಡು ಬ್ಯಾರೆ, ಜೋಳದ ರೊಟ್ಟಿ ಬ್ಯಾರೆ. ಲಾಡು ತಿಂದ ಅರ್ಧ ತಾಸಿಗೆ ಮತ್ತೊಂದ ಲಾಡು ಕೇಳತೈತಿ. ರೊಟ್ಟಿ, ಪುಂಡಿಪಲ್ಯಾ, ಹೆಸರಬ್ಯಾಳಿ ತಿಂದವ ಸಂಜೀತನಾ ದಂಡ ಹೊಡೀತಾನ. ತಾವು ಎರಡನ್ನೂ ಪಿಷ್ಟ ಅನ್ನೂ ಒಂದ ಚೀಲದಾಗ ತುಂಬಿ ಬಾಯಿ ಹೊಲದ್ರಿ. ಲಾಡು ಬಿಡಿಸಿ, ರೊಟ್ಟಿ ನಾಕರಾಗ ಒಂದ ಕಡಿಮಿ ಮಾಡಿ, ನಸಿಕಲೆ ಪಂಚಗಂಗಾ ಹೊಳೀತನಾ ಓಡಿಸಿದ್ರ ಎಂಟು ರತ್ತಲ ತಾವಾಗೇ ಇಳೀತಿದ್ವು, ಆದ್ರ ಅಷ್ಟಕ್ಕ ಪುಸ್ತಿಕಿ ಯಾರ ಛಾಪಸ್ತಾರ?

ರೊಟ್ಟಿಯ ಬದಲಿಗೆ ತಾವು ಬರದು ಕೊಟ್ಟಿದ್ದು ಆರು ತತ್ತಿ, ಮಟನ್ ಸಾರು, ಮತ್ತ ರಾತ್ರಿ ಎಂಟಕ್ಕ ಹಗೂರ ಊಟಾ. ಜೈನರ ಮನಿಗೆ! ಹೊತ್ತ ಮುಳುಗಿದ ಮ್ಯಾಲ ನೀರಿಗೂ ವಿಚಾರ ಮಾಡೂ ಮನಿಗೆ! ಅವರ ಅವ್ವ ಚಂಪಾಬಾಯಿ ಆ ಚೀಟಿ ನನ್ನ ಕಡೆ ಓದಿಸಿಕೊಂಡು, ಚೀಟಿ ಹಿಡದ ಕೈ ತೊಳಕೊಂಡ ಬಾ ಅಂತ ನನಗ ಹೇಳಿದ್ರು. ತಾವು ಬ್ಯಾಡ ಅಂದದ್ದನ್ನೆಲ್ಲಾ ಬಿಟ್ಟು, ತಿನ್ನು ಅಂದದ್ದನ್ನ ಮುಟ್ಟಲಾರದ, ಹಾಲು, ಶೇಂಗಾ, ಸೊಪ್ಪು ಇಷ್ಟರ ಮ್ಯಾಲ ಜಿನಗೊಂಡರು ನಿಂತ್ರು.

ಇಲ್ಲೆ ನಮ್ಮವರೂ ಒಂದ ತಪ್ಪ ಮಾಡಿದ್ರು, ಅದನ್ನ ಮುಚ್ಚಿಡೂದಿಲ್ಲ. ಮಗ ಕದ್ದು ಲಾಡು ತಿಂದಾನು ಅಂತ ಚಂಪಾಬಾಯಿ ಅವರನ್ನ ಬಸ್ತಿಗೆ ಕರಕೊಂಡ ಹೋಗಿ, ದೇವರ ಮುಂದ ನೇಮಾ ಹಿಡಿಸಿದ್ರು: "ಡಾಕ್ಟರು ತಿನ್ನು ಅನ್ನೂತನಾ ಕಾಳಿಂದು, ಸೀಯಿಂದು ಬಾಯಾಗ ಇಡೂದಿಲ್ಲ." ಹಬ್ಬಕ್ಕ ಉಪ್ಪು ಬಿಡತಾರ, ಮಳಿಗಾಲಕ್ಕ ಸೊಪ್ಪು ಬಿಡತಾರ, ನಮ್ಮಲ್ಲಿ ನೇಮಾ ಹೊಸಾದಲ್ಲ. ಆದ್ರ ದೇವರ ಮುಂದ ಡಾಕ್ಟರನ ಹೆಸರ ತೊಗೊಂಡದ್ದು ಇದ ಮೊದಲ. ಆ ಗೌರವ ತಮಗ ಸಿಕ್ಕೈತಿ, ಅಭಿನಂದನೆ ಸ್ವೀಕರಿಸ್ರಿ.

ಫೆಬ್ರವರಿ ಐದರಂದು ಕೊಲ್ಲಾಪುರದಾಗ ನೂಲಿನ ಗಂಟು ತೂಗೂ ತಕ್ಕಡಿ ಮ್ಯಾಲ ಪೈಲವಾನರನ್ನ ನಿಲ್ಲಿಸಿದ್ರು. ಜಿನಗೊಂಡರು ನೂರಾ ಐವತ್ತೇಳು! ತಾವು ಚಪ್ಪಾಳಿ ಹೊಡದ್ರಿ, ಫೋಟೋದವನನ್ನ ಕರದ್ರಿ, ಎದುರಾಳಿ ಶಿರೋಳಿಯ ಗುಂಡುನ ಕಡೆ ನೋಡಲೂ ಇಲ್ಲ. ಆ ಗುಂಡು ತೂಗಿಸಿಕೊಂಡು ಕೆಳಗ ಇಳದವನ ಬೇವಿನ ಗಿಡದ ಬುಡಕ ಕೂತು, ಅರಿವಿ ಗಂಟು ಬಿಚ್ಚಿ, ಎರಡು ರೊಟ್ಟಿ ಖಾರದ ಚಟ್ನಿ ಹಚ್ಚಿಕೊಂಡು ಸಾವಕಾಶ ತಿಂದ. ಜಿನಗೊಂಡರು ಆ ಕಡೆ ಬೆನ್ನು ಮಾಡಿ ಕೂತಿದ್ರು. ಎರಡು ತಾಸಿಗೆ ಕುಸ್ತಿ ಹಚ್ಚಿದ್ರು, ಮೂರನೇ ಮಿನಿಟಿಗೆ ಜಿನಗೊಂಡರ ತೊಡಿ ನಡಗಿದ್ದು ನನಗ ಅಖಾಡದ ಕಟ್ಟಿ ಮ್ಯಾಲಿಂದ ಕಂಡತು, ನಾಲ್ಕನೇದಕ್ಕ ಬೆನ್ನಿಗೆ ಕೆಂಪ ಮಣ್ಣು ಹತ್ತಿತ್ತು. ಇಪ್ಪತ್ತಮೂರು ಕುಸ್ತಿಯೊಳಗ ಆ ಬೆನ್ನಿಗೆ ಮಣ್ಣ ಹತ್ತಿದ್ದು ನಾ ನೋಡಿದ್ದಿಲ್ಲ. ಆ ಹೊತ್ತಿಗೆ ತಮ್ಮ ಫೋಟೋ ಮುಗದಿತ್ತು, ತಾವು ಟಾಂಗಾ ಹತ್ತಿ ಹೋಗಿದ್ರಿ. ತೂಕ ಗೆದ್ದಿತ್ತು, ಮನಷ್ಯಾ ಬಿದ್ದಿದ್ದ, ತಮ್ಮ ಕೆಲಸಾ ತೂಕದ್ದು ಇತ್ತು.

ಕಮಿಟಿಯವರು ದಯಾ ಮಾಡಿ ಮಾರ್ಚ್ ಐದಕ್ಕ ಗಡಹಿಂಗ್ಲಜದಾಗ ಅವರಿಗೆ ಇನ್ನೊಂದ ಕುಸ್ತಿ ಕೊಟ್ಟಾರ. ಗೆದ್ರ ಮುಂಬೈ, ಸೋತ್ರ ಲಂಗೋಟ ಗೂಟಕ್ಕ. ಇನ್ನ ಎರಡು ವಾರ ರೊಟ್ಟಿ ತಿಂದು ತಾಲೀಮು ಮಾಡಿದ್ರ ನೂರಾ ಅರವತ್ತರ ಒಳಗೂ ಇರತಾರ, ಕಾಲ ಮ್ಯಾಲೂ ನಿಲ್ಲತಾರ. ಆದ್ರ ನೇಮಾ! ಬಸ್ತಿಯ ಉಪಾಧ್ಯೆ, "ಡಾಕ್ಟರು ಅನ್ನಬೇಕು ಅಂತ ನುಡದೀರಿ, ಡಾಕ್ಟರೇ ಅನ್ನಬೇಕು" ಅಂತಾರ. ಜಿನಗೊಂಡರು ಮಾತ ಮುರಿಯೂ ಪೈಕಿ ಅಲ್ಲ. ಈಗ ಓಣ್ಯಾಗಿನ ಮುದುಕ್ಯಾರು ಮುಂಜಾನೆದ್ದು ಅವರ ಕಾಲ ಮುಟ್ಟಾಕ ಬರತಾರ. ನಾವು ತಮ್ಮ ಕಡೆ ಒಬ್ಬ ಪೈಲವಾನನ್ನ ಕಳಿಸಿದ್ವಿ, ತಾವು ಸಂತನ್ನ ಮಾಡಿ ತಿರುಗಿ ಕಳಿಸೀರಿ, ಇಷ್ಟು ಹೆಚ್ಚಿಗಿ ಕೊಡೂ ಡಾಕ್ಟರು ಈ ಸಂಸ್ಥಾನದಾಗ ಇನ್ನೊಬ್ಬರಿಲ್ಲ. ಚಂಪಾಬಾಯಿ ಮೋಟಾರ ಹತ್ತಿ ತಮ್ಮ ಬಾಗಲಿಗೆ ಬಂದಿದ್ರು. "ಸಾಹೇಬರು ಪುಸ್ತಿಕಿ ತಿದ್ದಾಕತ್ತಾರ" ಅಂತ ಕಂಪೌಂಡರು ಹೊರಗಿಂದ ಹೊರಗ ಕಳಿಸಿದ್ರು.

ಆದ ಕಾರಣ ತಮ್ಮಲ್ಲಿ ವಿನಂತಿ. ಆಗೂದಾದ್ರ, ಮಾರ್ಚ್ ಐದರಂದು ಖುದ್ದ ತಾವ ಗಡಹಿಂಗ್ಲಜಕ್ಕ ಬಂದು, ಲಂಗೋಟ ಬಿಗದು, ಎದುರಾಳಿಗೆ ತಮ್ಮ ಪುಸ್ತಿಕಿಯ ಒಂಬತ್ತನೇ ಪುಟಾ ತೋರಿಸಿ ಕೆಡವಬೇಕು. ಅದು ಆಗದಿದ್ರ, ಜೋಳದ ಹೊಲದಾಗ ನಿಂತು, ಪಿಷ್ಟ ಇಲ್ಲದ ತೆನಿ ಬಿಡು ಅಂತ ಬೆಳಿಗೆ ಹುಕುಂ ಮಾಡಬೇಕು. ಅದೂ ಆಗದಿದ್ರ ಬಿದ್ರಿ ಊರ ಕಡೆ ಕಬ್ಬಿಗೆ ಸೀ ಕಡಿಮಿ ಮಾಡಕೋ ಅಂತ ನೋಟೀಸ ಕೊಡಬೇಕು. ಇವು ಯಾವೂ ವ್ಯಾಳ್ಯಾದಾಗ ಕೂಡದಿದ್ರ, ಮಾನ್ಯರೇ, ಒಂದ ಕಾರ್ಡು ತೊಗೊಂಡು ಅದರ ಮ್ಯಾಲ "ಜಿನಗೊಂಡ, ರೊಟ್ಟಿ ತಿನ್ನು" ಅಂತ ಬರದು, ಕೆಳಗ ಸಹಿ ಮಾಡ್ರಿ. ಮೂರು ಶಬ್ದ. ಪುಸ್ತಿಕಿಗಿಂತ ಇದು ಭಾಳ ಸಣ್ಣದು, ಆದ್ರ ತಾವು ಇಲ್ಲೀತನಾ ಬರದದ್ದರಾಗ ಉಪಯೋಗಕ್ಕ ಬರೂದು ಇದೊಂದ ಆಗತೈತಿ.

ತಮ್ಮ ಔಷಧಿ ಮ್ಯಾಲ ಅಲ್ಲದಿದ್ರೂ ತಮ್ಮ ಪೆನ್ನಿನ ಮ್ಯಾಲ ಇನ್ನೂ ಆಸೆ ಇಟ್ಟುಕೊಂಡಿರೂ
ತಮ್ಮ ವಿಶ್ವಾಸಿ,
ಮಹಾವೀರ
ತಾಲೀಮಿನ ಕಟ್ಟಿ, ಇಚಲಕರಂಜಿ

ತಾ. ಕ.: ಇದನ್ನ ಬರದು ಮುಗಿಸಿದ ಮ್ಯಾಲ ತಿಳೀತು. ಚಂಪಾಬಾಯಿ ಇವತ್ತ ಮುಂಜಾನೆ ಬಸ್ತಿಗೆ ಹೋಗಿ ತಾವೂ ಒಂದ ನೇಮಾ ಹಿಡದಾರ. ತಮ್ಮ ಕಾರ್ಡು ಕೈಗೆ ಬರೂತನಾ ಅವರೂ ಊಟಾ ಮಾಡೂದಿಲ್ಲ, ಸೋಮವಾರದಿಂದ ತಮ್ಮ ದವಾಖಾನಿ ಮುಂದ ಬಂದು ಕೂಡ್ತಾರ. ಅವರು ಯಾವ ಕುಸ್ತಿಗೂ ಇಳಿಯವರಲ್ಲ, ಮಿಲ್ಲಿನ ತಕ್ಕಡಿ ಮ್ಯಾಲ ಎಂಬತ್ತೇಳು ರತ್ತಲ ಬಂದ್ರು. ಅದರಾಗ ಎಷ್ಟ ಇಳಿಸೂ ವಿಚಾರ ಐತಿ ಅನ್ನೂದನ್ನ ಹೊರಗ ಬಂದು ತಾವ ಅವರಿಗೆ ಹೇಳ್ರಿ, ಕಂಪೌಂಡರ ಕಡೆ ಹೇಳಿ ಕಳಿಸಬ್ಯಾಡ್ರಿ.