ನಿಧಾನ, ಚಿನ್ನಾ, ನಿಧಾನ

ಹೋದ ವಾರ ಲೈಲ್ ಪೆಂಗೆಲಿ ತನ್ನ ನಾಯಿಯನ್ನು ಹೆಣದ ಕಾರು ನಿಲ್ಲಿಸುವ ಶೆಡ್ಡಿನ ಗೇಟಿಗೆ ಅಡ್ಡ ಬಿಟ್ಟು ಹೋಗದೇ ಇದ್ದಿದ್ದರೆ ನಮ್ಮ ಮುಲ್ಗರಾ ಊರಿನಲ್ಲಿ ಇಷ್ಟು ದೊಡ್ಡ ರಾದ್ಧಾಂತ ಆಗುತ್ತಿರಲಿಲ್ಲ.

ನಾಯಿ ಎಂದರೆ ಬೊಗಳುವ ನಾಯಿಯಲ್ಲ. ಟಿಪ್ಪರ್ ಲಾರಿಯ ಹಿಂದೆ ಕಬ್ಬಿಣದ ಉದ್ದನೆಯ ಮೂಕಿ ಸಿಕ್ಕಿಸಿ ಇನ್ನೊಂದು ಟಿಪ್ಪರ್ ಬಂಡಿ ಕಟ್ಟುತ್ತಾರಲ್ಲ, ಅದು. ಯಜಮಾನ ಹೋದಲ್ಲೆಲ್ಲ ಹಿಂದೆ ಹಿಂದೆ ಬರುವುದರಿಂದ ಅದಕ್ಕೆ ಆ ಹೆಸರು. ಮುಂದಕ್ಕೆ ಹೋಗುವಾಗ ಅದರಷ್ಟು ಸಾಧು ಇನ್ನೊಂದಿಲ್ಲ. ಹಿಂದಕ್ಕೆ ನಡೆ ಎಂದರೆ ಮಾತ್ರ ಮೂಕಿ ಒಂದು ಕಡೆ ತಿರುಗುತ್ತದೆ, ಬಂಡಿ ಇನ್ನೊಂದು ಕಡೆ ತಿರುಗುತ್ತದೆ, ಡ್ರೈವರನ ತಲೆ ಬೇರೆಯೇ ತಿರುಗುತ್ತದೆ. ನಾಯಿ ಬಾಲ ಡೊಂಕು ಎಂಬ ಗಾದೆ ಮಾಡಿದವರು ಈ ಬಂಡಿಯನ್ನೂ ನೋಡಿದ್ದರೋ ಏನೋ.

ಲೈಲ್‌ಗೆ ಅದನ್ನು ಹಿಂದಕ್ಕೆ ಹೊಡೆಯಲು ಬರುತ್ತಿರಲಿಲ್ಲ. ಇದು ಅವನಿಗೂ ದೇವರಿಗೂ ಮಾತ್ರ ಗೊತ್ತಿದ್ದ ಗುಟ್ಟು. ಹೆದ್ದಾರಿ ಕೆಲಸ ಬಂದರೆ ಮೊದಲು ಕೈ ಎತ್ತುತ್ತಿದ್ದ, ಅಲ್ಲಿ ಮುಂದಕ್ಕೆ ಹೋಗುತ್ತಲೇ ಸುರಿಯಬಹುದು. ಗೋಧಿ ಹೊಲದ ಕೆಲಸವಾದರೂ ಸೈ, ಊರಗಲ ಸುತ್ತು ಹಾಕಿಕೊಂಡು ಬರಬಹುದು. ಇಕ್ಕಟ್ಟಿನ ಜಾಗವಾದರೆ ಖಾಲಿ ನಾಯಿಯನ್ನು ಬೀದಿಯಲ್ಲೇ ಬಿಚ್ಚಿ ನಿಲ್ಲಿಸಿ, ಲಾರಿಯೊಂದರಲ್ಲೇ ಎರಡು ಸಲ ಹೊತ್ತು ಹಾಕುತ್ತಿದ್ದ. ಕೇಳಿದವರಿಗೆ, "ಪಾಪ, ಅವರ ಹುಲ್ಲು ಹಾಳಾಗ್ಬಾರ್ದು ನೋಡಿ" ಎನ್ನುತ್ತಿದ್ದ. ಊರವರು ಎಂಥಾ ಮೆದು ಮನಸ್ಸಿನವನು ಎಂದು ಹೊಗಳುತ್ತಿದ್ದರು.

ಹೋದ ವಾರ ಹಾಗೆ ಬಿಟ್ಟ ನಾಯಿಯಿಂದಾಗಿ ಹೆಣದ ಕಾರು ಹೊರಗೇ ಬರಲಾಗಲಿಲ್ಲ. ಬದುಕಿದ್ದಷ್ಟು ದಿನ ಒಂದು ರೈಲನ್ನೂ ತಡಮಾಡದ ಸ್ಟೇಷನ್ ಮಾಸ್ಟರು ತನ್ನ ಮಣ್ಣಿಗೆ ತಾನೇ ತಡವಾಗಿ ಹೋದ. ಅವನ ಹೆಂಡತಿ ನೇರ ಜಲ್ಲಿ ಕಂಪನಿಯ ಒಡತಿ ರೇಲೀನ್ ಹತ್ತಿರ ಹೋಗಿ ಅತ್ತಳು.

ಹೀಗಾಗಿ ಈ ಶನಿವಾರ ಬೆಳಗ್ಗೆ ರೇಲೀನ್ ಕಡ್ಡಿ ಮುರಿದಂತೆ ಹೇಳಿದಳು. "ಲೈಲ್, ಇವತ್ತು ಬೋಲ್ಸ್ ಕ್ಲಬ್ಬಿನ ಹಿತ್ತಲಿಗೆ ಜಲ್ಲಿ. ಲಾರಿ, ನಾಯಿ ಎರಡೂ ಒಟ್ಟಿಗೇ ಒಳಗೆ ಹೋಗ್ಬೇಕು. ಬೀದೀಲಿ ಬಿಚ್ಚಿದೆ ಅಂತ ಕಿವಿಗೆ ಬಿತ್ತೋ, ಬೀಗದ ಕೈ ಇಲ್ಲಿಟ್ಟು ನಾಳೆಯಿಂದ ತೂಕದ ಕೋಣೇಲಿ ಕೂತು ಚೀಟಿ ಹರಿ."

"ಆ ಓಣೀನಾ? ಅದರಲ್ಲಿ ಸೈಕಲ್ಲೇ ಉಸಿರು ಬಿಗಿ ಹಿಡ್ಕೊಂಡು ಹೋಗುತ್ತೆ ರೇಲೀನ್."

"ಕ್ಲೆಮ್ ಹೋಗ್ತಿರಲಿಲ್ವಾ?"

ಕಂಪನಿಯ ಹಳೆಯ ಡ್ರೈವರು ಕ್ಲೆಮ್ ಡ್ರೂಗನ್ ನಿವೃತ್ತನಾಗಿ ಎಷ್ಟೋ ವರ್ಷವಾದರೂ ನಮ್ಮೂರಿನಲ್ಲಿ ಅವನ ಹೆಸರನ್ನು ಜನ ಟೋಪಿ ತೆಗೆದು ಹೇಳುತ್ತಾರೆ. ಒಣಹಾಕಿದ ಬಟ್ಟೆಯ ಎರಡು ಸಾಲುಗಳ ನಡುವೆ ಲಾರಿ, ನಾಯಿ ಎರಡನ್ನೂ ಹಿಂದಕ್ಕೆ ತಂದು ನಿಲ್ಲಿಸಿದನಂತೆ. ಒಂದು ಕಾಲುಚೀಲವೂ ಅಲುಗಲಿಲ್ಲವಂತೆ. ಲೈಲ್ ಚಿಕ್ಕವನಿದ್ದಾಗ ಕ್ಲೆಮ್ ಹಿಂದಕ್ಕೆ ಹೊಡೆಯುವುದನ್ನು ಬೇಲಿ ಹಿಡಿದು ನಿಂತು ನೋಡಿದ್ದ. ಅಂದು ಬಿಟ್ಟ ಬಾಯಿ ಇನ್ನೂ ಸರಿಯಾಗಿ ಮುಚ್ಚಿರಲಿಲ್ಲ. ಲಾರಿಯ ಕೆಲಸಕ್ಕೆ ಸೇರಿದ್ದೇ ಅದಕ್ಕೆ. ತನ್ನ ಲಾರಿಯ ಮೇಲೆ ಅವನಿಗೆ ಪ್ರಾಣ. ಅದರ ಸೀಟು ಅವನ ಬೆನ್ನಿನ ಅಳತೆಗೇ ಕುಳಿಬಿದ್ದಿತ್ತು. ಲಾರಿಗಳ ತೂಕ ಬರೆಯುವ ಆ ಕೋಣೆಯ ಮರದ ಕುರ್ಚಿ ನೆನೆದು ಅವನು ಬೀಗದ ಕೈ ಬಿಗಿಯಾಗಿ ಹಿಡಿದು ಲಾರಿ ಹತ್ತಿದ.

ಓಣಿಯ ಒಂದು ಪಕ್ಕ, ಹಿರಿಯರು ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಆ ಕ್ಲಬ್ಬಿನ ಇಟ್ಟಿಗೆ ಗೋಡೆ, ಇನ್ನೊಂದು ಪಕ್ಕ ಮಿಸೆಸ್ ಹಾಬ್ಡೆಯ ಬಿಳಿ ಬೇಲಿ. ಬೇಲಿಯಾಚೆ ಅವಳಿಗೆ ಪ್ರತಿ ವರ್ಷ ಬಹುಮಾನ ತರುವ ಗುಲಾಬಿಗಳು. ಲೈಲ್ ಮೊದಲ ಸಲ ಹಿಂದಕ್ಕೆ ಹೊಡೆದಾಗ ನಾಯಿ ಕತ್ತು ತಿರುಗಿಸಿಕೊಂಡು ಲಾರಿಯ ಮುಖ ನೋಡಲು ಬಂತು. ಮುಂದಕ್ಕೆ ಎಳೆದು ಎರಡನೆಯ ಸಲ ಹೊಡೆದ. ಈ ಸಲ ಆ ಕಡೆಯಿಂದ ಬಂದು ನೋಡಿತು.

ಅಷ್ಟರಲ್ಲಿ ಜನ ಸೇರಿದರು. ಚಹದ ಲೋಟ ಹಿಡಿದು ಬಂದವರು ಕೆಲವರು, ಮಡಚುವ ಕುರ್ಚಿಯನ್ನೇ ತಂದವರು ಕೆಲವರು. ಕ್ಲಬ್ಬಿನ ಅಧ್ಯಕ್ಷ ಮರ್ವ್ ಎರಡೂ ಕೈ ಬೀಸುತ್ತ, "ಬಲಕ್ಕೆ, ಬಲಕ್ಕೆ! ಬಲ ಅಂದ್ರೆ ನನ್ನ ಬಲ ಅಲ್ಲ, ನಿನ್ನ ಬಲ! ಅಲ್ಲಲ್ಲ, ನನ್ನದೇ!" ಎಂದ. ಮಿಸೆಸ್ ಹಾಬ್ಡೆ ಗುಲಾಬಿಗಳ ಮುಂದೆ ಎದೆಯೊಡ್ಡಿ ನಿಂತು, "ಈ ಗಿಡ ಮುಟ್ಟೋಕೆ ಮೊದಲು ನನ್ನ ಮೇಲೆ ಹಾದು ಹೋಗು!" ಎಂದಳು. "ಇದು ನೀರಿಳಿಯದ ಗಂಟಲಲ್ಲಿ ಕಡುಬು ತುರುಕೋ ಕೆಲಸ ಕಣಯ್ಯ" ಎಂದು ಯಾರೋ ನಕ್ಕರು. ರೇಲೀನ್ ಕೂಡ ಬಂದು ಕೈಕಟ್ಟಿ ನಿಂತಳು.

ಲೈಲ್ ಕಿಟಕಿ ಏರಿಸಿಕೊಂಡ. ಬೆವರು ಒರೆಸಿಕೊಂಡು ಕನ್ನಡಿ ನೋಡಿದರೆ, ಹಿತ್ತಲಿನ ಮೂಲೆಯಲ್ಲಿ ಒಂದು ಹಳೆಯ ಗಾಡಿ ನಿಂತಿದೆ. ಅದರೊಳಗೆ ಕ್ಲೆಮ್ ಡ್ರೂಗನ್! ಮುದುಕ ಕೈಯಲ್ಲಿ ಏನನ್ನೋ ಬಾಯಿಯ ಹತ್ತಿರ ಹಿಡಿದಿದ್ದ, ಬಾಯಿ ಆಡುತ್ತಿತ್ತು. ಅದೇ ಗಳಿಗೆಗೆ, ಲಾರಿಯವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ರೇಡಿಯೊ ಕರಕರ ಎಂದು, ಒಂದು ಗೊಗ್ಗರು ಧ್ವನಿ ಕೇಳಿಸಿತು.

"ನಿಧಾನ. ಗಾಬರಿ ಬೇಡ. ಎಷ್ಟು ನಿಧಾನ ಅಂತೀಯೋ, ಅದಕ್ಕಿಂತ ನಿಧಾನ."

ಲೈಲ್‌ಗೆ ಮೈ ಜುಮ್ಮೆಂದಿತು. ಸಾಕ್ಷಾತ್ ಕ್ಲೆಮ್ ತನಗೆ ಹೇಳಿಕೊಡುತ್ತಿದ್ದಾನೆ! ಅದೂ ಊರವರಿಗೆ ಗೊತ್ತಾಗದ ಹಾಗೆ, ಮರ್ಯಾದೆ ಉಳಿಸಿ!

"ಈಗ ಸ್ವಲ್ಪ ಎಡಕ್ಕೆ. ಸ್ವಲ್ಪ ಅಂದ್ರೆ ಸ್ವಲ್ಪ. ಹಾಂ, ಹಾಗೇ ಬಾ. ನಿಧಾನ, ಚಿನ್ನಾ, ನಿಧಾನ."

ಚಿನ್ನಾ ಎಂಬ ಮಾತು ಕೇಳಿ ಲೈಲ್ ಒಂದು ಕ್ಷಣ ತಬ್ಬಿಬ್ಬಾದ. ಕ್ಲೆಮ್ ಸ್ವಂತ ಮೊಮ್ಮಕ್ಕಳನ್ನೂ ಹಾಗೆ ಕರೆದವನಲ್ಲ. ಆದರೆ ದೊಡ್ಡ ವಿದ್ಯೆ ಇದ್ದವರ ಮನಸ್ಸೂ ದೊಡ್ಡದೇ ಇರಬೇಕು ಎಂದುಕೊಂಡು ಅವನ ಕಣ್ಣು ಹನಿಗೂಡಿತು. ಮೈಕು ಕೈಗೆತ್ತಿಕೊಂಡು ಗುಂಡಿ ಒತ್ತಿದ.

"ಈಗ ಯಾವ ಕಡೆ?"

"ಏನು ಯಾವ ಕಡೆ ಅಂತ ಕೇಳೋದು? ನೇರ ಮಾಡು. ಬಿಟ್ಟುಬಿಡು, ಅದರ ಪಾಡಿಗೆ ಅದು ಬರುತ್ತೆ. ನೀನು ಸುಮ್ನಿರೋದು ಕಲಿ."

ಲೈಲ್ ಸುಮ್ಮನಿದ್ದ. ಇಷ್ಟು ವರ್ಷದಲ್ಲಿ ಅವನು ಸ್ಟೀರಿಂಗ್ ಹಿಡಿದು ಸುಮ್ಮನಿದ್ದದ್ದು ಇದೇ ಮೊದಲು. ಲಾರಿ ಆಮೆಯ ಹಾಗೆ ಹಿಂದಕ್ಕೆ ಸರಿಯಿತು. ಎಡಗಡೆಯ ಕನ್ನಡಿಯಲ್ಲಿ ಗುಲಾಬಿ, ಬಲಗಡೆಯ ಕನ್ನಡಿಯಲ್ಲಿ ಇಟ್ಟಿಗೆ, ನಡುವೆ ನಾಯಿ ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಅದು ತಾನು ಓಡಿಸುತ್ತಿರುವ ಬಂಡಿ ಎಂದು ಅವನಿಗೇ ನಂಬಿಕೆಯಾಗಲಿಲ್ಲ. ಅಷ್ಟು ದೊಡ್ಡ ಕಬ್ಬಿಣ, ಅಷ್ಟು ಭಾರದ ಕಲ್ಲು, ಒಂದು ಎಲೆಗೂ ನೋವಾಗದ ಹಾಗೆ ಓಣಿಯೊಳಗೆ ಇಳಿಯುತ್ತಿತ್ತು. ಮರ್ವ್‌ನ ಕೈಗಳು ಗಾಳಿಯಲ್ಲೇ ನಿಂತವು. ಮಿಸೆಸ್ ಹಾಬ್ಡೆ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಒಂದು ಗುಲಾಬಿ ನಾಯಿಯ ಪಕ್ಕೆಯನ್ನು ಸವರಿ ಮತ್ತೆ ತನ್ನ ಜಾಗಕ್ಕೆ ಬಂತು, ಒಂದು ದಳವೂ ಉದುರಲಿಲ್ಲ.

ಹಿತ್ತಲು ಸೇರಿದ ಮೇಲೆ ಲೈಲ್ ನಾಯಿಯ ಹಿಂಬಾಗಿಲು ಬಿಟ್ಟು ಅದರ ತೊಟ್ಟಿಯನ್ನು ಮೇಲೆತ್ತಿದ. ಜಲ್ಲಿ ಒಮ್ಮೆ ಗೊಣಗಿ, ಆಮೇಲೆ ಗುಡುಗುತ್ತ ಸುರಿಯಿತು. ಇನ್ನು ಉಳಿದದ್ದು ಲಾರಿಯದು. ಅದನ್ನು ಸುರಿಯಬೇಕಾದರೆ ಹಿಂದಿರುವ ನಾಯಿ ಅಡ್ಡ. ಅದನ್ನು ಚಾಕು ಮಡಚಿದಂತೆ ಪಕ್ಕಕ್ಕೆ ಮಡಚಿ ನಿಲ್ಲಿಸಬೇಕು. ಅನುಭವಸ್ಥರೂ ಇಲ್ಲಿ ಬೆವರುತ್ತಾರೆ. ಲೈಲ್‌ಗೆ ಮಾತ್ರ ನಗು ಬಂತು. ಇಷ್ಟು ವರ್ಷ ಬೇಡ ಬೇಡವೆಂದರೂ ಅವನ ಕೈಯಲ್ಲಿ ಆಗುತ್ತಿದ್ದದ್ದು ಅದೊಂದೇ! ಮೈಕು ಇನ್ನೂ ಕೈಯಲ್ಲೇ ಇತ್ತು. ಸಂತೋಷ ತಡೆಯಲಾರದೆ ಗುಂಡಿ ಒತ್ತಿ ಕೂಗಿದ.

"ಇನ್ನೇನು ಹೆದರಿಕೆ, ಸ್ಟೀರಿಂಗ್ ಪೂರಾ ತಿರುಗಿಸಿ ಜೋರಾಗಿ ಹಿಂದಕ್ಕೆ ಹೊಡಿಯೋದೇ!"

ಹಾಗೇ ಹೊಡೆದ. ನಾಯಿ ಹೂವಿನ ಹಾಗೆ ಮಡಚಿಕೊಂಡು ಮೂಲೆಗೆ ಹೋಗಿ ಕೂತಿತು. ಲಾರಿಯ ತೊಟ್ಟಿ ಮೇಲೆದ್ದಿತು, ವಿದ್ಯುತ್ ತಂತಿಯಿಂದ ಎಷ್ಟು ದೂರ ಇರಬೇಕೋ ಅಷ್ಟು ದೂರ ನಿಂತಿತು, ಎರಡನೆಯ ರಾಶಿ ಮೊದಲನೆಯದರ ಪಕ್ಕ ಅವಳಿಮಕ್ಕಳಂತೆ ಬಂದು ಮಲಗಿತು. ಧೂಳು ಇಳಿದ ಮೇಲೆ ಕ್ಲೆಮ್ ಡ್ರೂಗನ್ ಗಾಡಿಯಿಂದ ಇಳಿದು, ಎಲ್ಲರೂ ನೋಡುತ್ತಿರುವಂತೆ, ತನ್ನ ಟೋಪಿ ತೆಗೆದ.

ಲೈಲ್ ಓಡಿಹೋಗಿ ಅವನ ಕೈ ಹಿಡಿದುಕೊಂಡ. "ಕ್ಲೆಮ್, ನಿನ್ನ ಋಣ ತೀರಿಸೋಕಾಗಲ್ಲ. ನೀನು ರೇಡಿಯೊದಲ್ಲಿ ಹೇಳಿಕೊಡದೇ ಇದ್ದಿದ್ರೆ..."

"ಯಾವ ರೇಡಿಯೊ? ನನ್ನ ಗಾಡೀದು ಕೆಟ್ಟು ಯಾವ ಕಾಲ ಆಯ್ತೋ!"

"ಮತ್ತೆ ಕೈಯಲ್ಲಿ ಹಿಡಿದು ಮಾತಾಡ್ತಿದ್ದೆಯಲ್ಲ?"

"ಮಾಂಸದ ಪೈ ತಿಂತಿದ್ದೆ ಮಾರಾಯ. ನೀನು ಹೊರಟಾಗ ಗುದ್ದೇ ಗುದ್ತಾನೆ ಅಂತ ಕಣ್ಣು ಮುಚ್ಕೊಂಡೆ. ಬಿಟ್ಟು ನೋಡಿದ್ರೆ..." ಮುದುಕ ತುಟಿಗೆ ಅಂಟಿದ ಪೈ ಚೂರು ಒರೆಸಿಕೊಂಡ. "ನನ್ನ ಜನ್ಮದಲ್ಲಿ ಇಂಥದ್ದು ನೋಡಿಲ್ಲ. ನಾನೂ ಹಾಗೆ ಹೊಡೆದವನಲ್ಲ."

ಹಾಗಾದರೆ ಚಿನ್ನಾ ಎಂದವನು ಯಾರು?

ಅಷ್ಟರಲ್ಲಿ ಮರ್ವ್‌ನ ಫೋನು ಬಡಿದುಕೊಂಡಿತು. ಅವನು ಕೇಳುತ್ತ ಕೇಳುತ್ತ ಹುಬ್ಬೇರಿಸಿದ. "ನದಿ ದಂಡೆಯ ಕ್ಯಾರವಾನ್ ಪಾರ್ಕಿನಿಂದ. ಯಾರೋ ಪ್ರವಾಸಿ ದಂಪತಿ ಕಾರಿಗೆ ಕಟ್ಟಿದ ಚಕ್ರದ ಮನೆ ಹಿಂದಕ್ಕೆ ಹಾಕೋಕೆ ಹೋಗಿ ನೀಲಗಿರಿ ಮರಗಳ ಮಧ್ಯ ಸಿಕ್ಕಿ ಹಾಕ್ಕೊಂಡಿದಾರಂತೆ. ಗಂಡ ಕೆಳಗೆ ನಿಂತು ವಾಕಿಟಾಕೀಲಿ ದಾರಿ ಹೇಳ್ತಿದ್ನಂತೆ, ಹೆಂಡತಿ ಓಡಿಸ್ತಿದ್ಲಂತೆ. ಯಾರಾದ್ರೂ ಬಲ್ಲವರನ್ನ ಕಳಿಸಿ ಅಂತಿದಾರೆ."

"ಬಲ್ಲವರೇನು, ನಮ್ಮ ಲೈಲ್ ಇಲ್ವಾ!" ರೇಲೀನ್ ಎದೆಯುಬ್ಬಿಸಿ ಹೇಳಿದಳು. "ಇನ್ನು ಮೇಲೆ ಕಂಪನೀಲಿ ಇಕ್ಕಟ್ಟಿನ ಕೆಲಸ ಎಲ್ಲಾ ಇವನದೇ."

"ನನಗೆ ಸ್ವಲ್ಪ ತಲೆನೋವು ರೇಲೀನ್..." ಎಂದದ್ದು ಯಾರ ಕಿವಿಗೂ ಬೀಳಲಿಲ್ಲ. ಊರಿಗೆ ಊರೇ ಮಡಚುವ ಕುರ್ಚಿ ಕಂಕುಳಲ್ಲಿಟ್ಟುಕೊಂಡು ಅವನನ್ನು ಮದುಮಗನಂತೆ ಮುಂದೆ ಬಿಟ್ಟು ಹೊರಟಿತು. ಮಿಸೆಸ್ ಹಾಬ್ಡೆ, ಯಾರಿಗೂ ಹೂ ಕೊಡದವಳು, ಒಂದು ಗುಲಾಬಿ ಕಿತ್ತು ಅವನ ಅಂಗಿಗೆ ಸಿಕ್ಕಿಸಿದಳು.

ಪಾರ್ಕಿನಲ್ಲಿ ಕಾರೂ ಕ್ಯಾರವಾನೂ ಒಂದನ್ನೊಂದು ಅಪ್ಪಿಕೊಂಡು ನಿಂತಿದ್ದವು. ಕಾರಿನ ಒಂದು ಪಕ್ಕದ ಬಾಗಿಲುಗಳಿಗೆ ಮರ, ಇನ್ನೊಂದು ಪಕ್ಕಕ್ಕೆ ಕ್ಯಾರವಾನಿನ ಮೂಗು. ಒಳಗೆ ಒಬ್ಬ ಗಟ್ಟಿ ಹೆಂಗಸು ಕೆಂಪಗೆ ಕೂತಿದ್ದಳು. ಹೊರಗೆ ಗಂಡ ಹೊರೇಸ್ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. ಅವನು ಬಾಯಿ ತೆರೆದದ್ದೇ ತಡ, ಅದೇ ಗೊಗ್ಗರು ಧ್ವನಿ.

"ನೀನೇನಾ ಆ ಲೈಲ್? ನೋಡಪ್ಪ, ನಾನು ಎಲ್ಲಾ ಸರಿಯಾಗೇ ಹೇಳ್ತಿದ್ದೆ. ಮಧ್ಯದಲ್ಲಿ ಯಾವನೋ ಅಯೋಗ್ಯ ಇದೇ ಚಾನೆಲ್‌ನಲ್ಲಿ ಬಾಯಿ ಹಾಕಿ 'ಈಗ ಯಾವ ಕಡೆ' ಅಂದ. ನನಗೇ ದಾರಿ ಗೊತ್ತಿಲ್ಲ ಅಂತ ಇವಳು ಅಂದ್ಕೊಂಡ್ಲು. ಆಮೇಲೆ ಅವನೇ 'ಪೂರಾ ತಿರುಗಿಸಿ ಜೋರಾಗಿ ಹೊಡಿ' ಅಂದ. ಮದುವೆ ಆದಾಗಿಂದ ನನ್ನ ಒಂದು ಮಾತೂ ಕೇಳದವಳು ಅದನ್ನ ಮಾತ್ರ ಕೇಳಿಬಿಟ್ಲು!"

ಕಾರಿನ ಕಿಟಕಿ ಒಂದು ಬೆರಳಗಲ ಇಳಿಯಿತು. "ಆ ಧ್ವನಿ ಇನ್ನೊಂದು ಸಲ ಕೇಳಿಸ್ಲಿ ಹೊರೇಸ್. ಸಾವಿರ ಜನದಲ್ಲಿ ಗುರುತು ಹಿಡೀತೀನಿ. ನಾನು ಮೊದಲು ಇಲ್ಲಿಂದ ಹೊರಗೆ ಬರ್ಬೇಕು ಅಷ್ಟೇ." ಕಿಟಕಿ ಮತ್ತೆ ಏರಿತು.

"ಗ್ಲೆನಿಸ್‌ಗೆ ಸ್ವಲ್ಪ ಕೋಪ" ಎಂದ ಹೊರೇಸ್. "ನನ್ನ ಮಾತು ಇನ್ನು ಕೇಳಲ್ವಂತೆ. ತಗೋ, ನೀನೇ ಹೇಳು." ವಾಕಿಟಾಕಿಯನ್ನು ಲೈಲ್‌ನ ಕೈಗೆ ಕೊಟ್ಟ.

ಊರವರು ಕುರ್ಚಿ ಬಿಡಿಸಿ ಕೂತರು. ಕ್ಲೆಮ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ರೇಲೀನ್ ಪಕ್ಕದವರಿಗೆ "ಶ್, ಈಗ ನೋಡಿ" ಎಂದಳು. ಲೈಲ್‌ಗೆ ಅತ್ತ ದರಿ, ಇತ್ತ ಪುಲಿ. ಬಾಯಿ ಬಿಡದಿದ್ದರೆ ನಾಳೆ ತೂಕದ ಕೋಣೆ. ಬಾಯಿ ಬಿಟ್ಟರೆ ಗ್ಲೆನಿಸ್. ಅವನು ಸರಿಯಾಗಿ ದಾರಿ ಹೇಳಿದಷ್ಟೂ ಅವಳು ಬೇಗ ಹೊರಗೆ ಬರುತ್ತಾಳೆ.

ಲೈಲ್ ಲಾರಿಯನ್ನು ನೆನೆದ. ಕಣ್ಣು ಮುಚ್ಚಿ ಗುಂಡಿ ಒತ್ತಿ, ತನಗೆ ಗೊತ್ತಿದ್ದ ಒಂದೇ ಒಂದು ಪಾಠವನ್ನು ಒಪ್ಪಿಸಿದ.

"ನಿಧಾನ... ಚಿನ್ನಾ, ನಿಧಾನ."

ಕಾರಿನೊಳಗಿನ ತಲೆ ಮೆಲ್ಲಗೆ ಅವನತ್ತ ತಿರುಗಿತು. ಮರಕ್ಕೆ ಒತ್ತಿಕೊಂಡಿದ್ದ ಬಾಗಿಲಿನ ಹಿಡಿ ಒಳಗಿನಿಂದ ಕಟಕಟ ಅಲುಗಾಡತೊಡಗಿತು.